ಲೇಸರ್ ಹಿಡಿಯೋದು ನಾಲ್ಕನೇ ಸ್ವಿಚ್ಚಿಗೆ, ಬೀಳೋದು ಐದನೇದು. ವಿಆರ್‌ನಲ್ಲಿ ಇದಕ್ಕೆ ಮದ್ದೇನು?

ಗುಬ್ಬಿ ಗೇಟ್ ಗಿರಿ | ಶನಿವಾರ ರಾತ್ರಿ 9:12
ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗೆಳೆಯ ತುಮಕೂರಿನಲ್ಲಿ ಇಬ್ಬರೇ ಕೂತು ಒಂದು ವಿಆರ್ (ಹೆಡ್‌ಸೆಟ್ ಒಳಗೆ ಕಾಣುವ ಕೃತಕ ಲೋಕ) ತರಬೇತಿ ಆಪ್ ಮಾಡುತ್ತಿದ್ದೇವೆ. ಎಲೆಕ್ಟ್ರಿಷಿಯನ್ ಕೆಲಸ ಕಲಿಯುವ ಹುಡುಗರಿಗೆ. ಹೆಡ್‌ಸೆಟ್ ಹಾಕಿಕೊಂಡರೆ ಎದುರು ಗೋಡೆ ಮೇಲೆ ಒಂದು ಡಿಬಿ ಬಾಕ್ಸ್ (ಕರೆಂಟ್ ಹಂಚುವ ಪೆಟ್ಟಿಗೆ), ಒಂದೇ ಸಾಲಿನಲ್ಲಿ 12 ಎಂಸಿಬಿ, ಅಂದರೆ ಕರೆಂಟ್ ಕಡಿಯುವ ಸ್ವಿಚ್. "ನಾಲ್ಕನೇದು ಆಫ್ ಮಾಡು" ಅಂತ ದನಿ ಬರುತ್ತದೆ. ಹುಡುಗ ಕಂಟ್ರೋಲರ್ ಎತ್ತಿ ಲೇಸರ್ ಗೆರೆ ಬಿಡುತ್ತಾನೆ, ಟ್ರಿಗರ್ ಒತ್ತುತ್ತಾನೆ. ಐದನೇದು ಬೀಳುತ್ತದೆ. ಕೆಲವೊಮ್ಮೆ ಮೂರನೇದು. ಹುಡುಗ ನನ್ನ ಮುಖ ನೋಡುತ್ತಾನೆ. ಅಂದರೆ ಹೆಡ್‌ಸೆಟ್ ಒಳಗಿಂದ ನನ್ನ ಕಡೆ ತಿರುಗುತ್ತಾನೆ.

ಎರಡನೇ ತಕರಾರು ಕೈನೋವು. ಹತ್ತು ನಿಮಿಷ ಆಗುವಷ್ಟರಲ್ಲಿ ಭುಜ ಹಿಡಿದುಕೊಂಡು "ಸಾಕು ಸಾರ್" ಅನ್ನುತ್ತಾರೆ. ಇಪ್ಪತ್ತು ವರ್ಷದ ಹುಡುಗರು, ಮನೆಯಲ್ಲಿ ಅಡಿಕೆ ಮೂಟೆ ಹೊರುವವರು.

ಇಟ್ಟುಕೊಂಡಿರುವುದು ಕ್ವೆಸ್ಟ್ 3 ಹೆಡ್‌ಸೆಟ್, 72 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 72 ಫ್ರೇಮ್ (ಚಿತ್ರ) ಬರುವ ಹಾಗೆ ಓಡಿಸುತ್ತೇವೆ. ಹುಡುಗ ನಿಲ್ಲುವ ಜಾಗಕ್ಕೂ ಬಾಕ್ಸಿಗೂ ಎರಡೂವರೆ ಮೀಟರ್ ದೂರ. ರೂಮು ಚಿಕ್ಕದು, ಓಡಾಡಿದರೆ ಬೆಂಚಿಗೆ ಮೊಣಕಾಲು ಹೊಡೆಸಿಕೊಳ್ಳುತ್ತಾರೆ ಅಂತ ಒಂದೇ ಕಡೆ ನಿಲ್ಲಿಸಿದ್ದೇವೆ. ಗೆರೆ ದಪ್ಪ ಮಾಡಿ ನೋಡಿದೆ, ಬಣ್ಣ ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಯಾರಾದರೂ ದಾರಿ ತೋರಿಸಿ.

ಚಿಂತಾಮಣಿ ಚೇತು | 9:15
ಹೆಡ್‌ಸೆಟ್ ಬದಲಾಯಿಸು ಗುರು.

ಗುಬ್ಬಿ ಗೇಟ್ ಗಿರಿ | 9:16
ದುಡ್ಡು ನೀನು ಕೊಡ್ತೀಯಾ?

ಶ್ರೀನಿವಾಸಪುರದ ದೋಟಿ | 9:31
ಹೆಡ್‌ಸೆಟ್‌ದೇನೂ ತಪ್ಪಿಲ್ಲ. ನಮ್ಮ ಮಾವಿನ ತೋಪಿಗೆ ಬನ್ನಿ, ಹದಿನೈದು ಅಡಿ ದೋಟಿ ಕೈಗೆ ಕೊಡ್ತೀನಿ. ಬುಡದಲ್ಲಿ ಮಣಿಕಟ್ಟು ಒಂಚೂರು ತಿರುಗಿದರೆ ಸಾಕು, ತುದಿ ಪಕ್ಕದ ಕೊಂಬೆಗೆ ಹೋಗಿರುತ್ತೆ. ಲೇಸರ್ ಗೆರೆಯೂ ದೋಟಿಯೇ. ತೂಕ ಇಲ್ಲ ಅಷ್ಟೇ. ತೂಕ ಇಲ್ಲದ್ದರಿಂದ ಇನ್ನೂ ಕಷ್ಟ, ಕೈಗೆ ಹಿಡಿತವೇ ಸಿಗೋದಿಲ್ಲ.

ಲೆಕ್ಕ ನೋಡಿ. ಒಂದು ಮೀಟರ್ ದೂರದಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 17.5 ಮಿಲಿಮೀಟರ್. ಸಿಂಗಲ್ ಪೋಲ್ ಎಂಸಿಬಿಯ ಅಗಲ ಹೆಚ್ಚುಕಡಿಮೆ 18 ಮಿಲಿಮೀಟರ್. ಅಂದರೆ ಒಂದು ಮೀಟರ್‌ನಲ್ಲಿ ಅದು ಒಂದು ಡಿಗ್ರಿ ಅಗಲ ಕಾಣುತ್ತದೆ. ನೀವು ಇಟ್ಟಿರುವ ಎರಡೂವರೆ ಮೀಟರ್‌ನಲ್ಲಿ 0.4 ಡಿಗ್ರಿ. ಅದೇ ದೂರದಲ್ಲಿ ಕೈ ಅರ್ಧ ಡಿಗ್ರಿ ಅಲುಗಿದರೆ ಗೆರೆಯ ತುದಿ ಸುಮಾರು 22 ಮಿಲಿಮೀಟರ್ ಸರಿಯುತ್ತದೆ. ಒಂದು ಸ್ವಿಚ್ಚಿಗಿಂತ ಜಾಸ್ತಿ ಆಯ್ತಲ್ಲ. ಬಣ್ಣ ಬದಲಿಸಿದರೆ ಏನು ಬಂತು?

ಮಧುಗಿರಿ ಮೇಷ್ಟ್ರು | 9:48
ಗಿರಿ, ಮೊದಲು ನನ್ನ ಪ್ರಶ್ನೆಗೆ ಉತ್ತರ ಹೇಳಿ. ಎರಡೂವರೆ ಮೀಟರ್ ದೂರ ನಿಂತು ಎಂಸಿಬಿ ಆಫ್ ಮಾಡುವ ಎಲೆಕ್ಟ್ರಿಷಿಯನ್‌ನ ಎಲ್ಲಿ ನೋಡಿದ್ದೀರಿ?

ನಾನು ಈ ಟ್ರೇಡ್ ಕಲಿಸುತ್ತಾ ತಲೆ ಹಣ್ಣಾಗಿದೆ. ಹೋದ ವರ್ಷ ನಮ್ಮಲ್ಲಿಗೂ ಇಂಥದ್ದೇ ಒಂದು ಆಪ್ ಬಂದಿತ್ತು. ಒಂದು ವಾರ ಅದರಲ್ಲಿ ಆಡಿದ ಹುಡುಗನೊಬ್ಬನನ್ನು ನಿಜವಾದ ಪ್ಯಾನೆಲ್ ಮುಂದೆ ನಿಲ್ಲಿಸಿದೆ. ಅವನು ದೂರದಲ್ಲೇ ನಿಂತು ಕೈ ಚಾಚಿ ಬೆರಳು ಮಡಿಸಿದ. ಕ್ಲಾಸೆಲ್ಲ ನಕ್ಕಿತು, ಅವನೂ ನಕ್ಕ. ನನಗೆ ನಗು ಬರಲಿಲ್ಲ. ಕೈ ಕಲಿಯಬೇಕಾದದ್ದನ್ನು ಕಲಿಯದೆ ಇನ್ನೇನೋ ಕಲಿತುಬಿಟ್ಟಿತ್ತು.

ಗುಬ್ಬಿ ಗೇಟ್ ಗಿರಿ | 9:55
ಮೇಷ್ಟ್ರೇ, ಒಪ್ಪುತ್ತೇನೆ. ಆದರೆ ಜಾಗ ಇಲ್ಲ. ಹತ್ತಡಿಗೆ ಹನ್ನೆರಡಡಿ ರೂಮು, ಅದರಲ್ಲಿ ನಾಲ್ಕು ಬೆಂಚು.

ಮಧುಗಿರಿ ಮೇಷ್ಟ್ರು | 9:57
ಹುಡುಗ ಬಾಕ್ಸ್ ಹತ್ತಿರ ಹೋಗೋಕಾಗಲ್ಲ ಅಂದರೆ ಬಾಕ್ಸನ್ನೇ ಹುಡುಗನ ಹತ್ತಿರ ತನ್ನಿ. ಅದೇನು ಸಿಮೆಂಟ್ ಹಾಕಿ ಕಟ್ಟಿದ ಗೋಡೆಯೇ?

ಚಿಂತಾಮಣಿ ಚೇತು | 9:58
ಮೇಷ್ಟ್ರು ಸಿಕ್ಸರ್ 😂

ಕೋಲಾರ ಕೋಡರ್ | 10:20
ಮೇಷ್ಟ್ರು ಹೇಳಿದ್ದು ಸರಿ, ಆದರೆ ದೂರದಿಂದ ಆರಿಸಲೇಬೇಕಾದ ಜಾಗವೂ ಇರುತ್ತೆ. ಮೆನು ಇದೆ, ಮೇಲೆ ತೂಗುವ ಲೈಟ್ ಇದೆ. ಅದಕ್ಕೆ ಹೇಳ್ತೀನಿ.

ಗಿರಿ ಅಣ್ಣ, ನಿಮ್ಮ ಹುಡುಗರು ಗುರಿ ಇಡುವಾಗ ತಪ್ಪುತ್ತಿದ್ದಾರೋ, ಒತ್ತುವಾಗಲೋ? ಎರಡೂ ಬೇರೆ ಬೇರೆ ಕಾಯಿಲೆ. ಟ್ರಿಗರ್ ಎಳೆದ ಬೆರಳು ಇಡೀ ಕೈಯನ್ನು ಎಳೆಯುತ್ತದೆ. ಗೆರೆ ಸರಿಯಾದ ಜಾಗದಲ್ಲೇ ಇತ್ತು, ಒತ್ತಿದ ಆ ಗಳಿಗೆಯಲ್ಲಿ ಜಾರಿತು. ಸಂಶೋಧಕರು ಇದಕ್ಕೆ ಹೈಸೆನ್‌ಬರ್ಗ್ ಎಫೆಕ್ಟ್ ಅಂತ ಹೆಸರಿಟ್ಟಿದ್ದಾರೆ. ಇಪ್ಪತ್ತು ವರ್ಷಕ್ಕಿಂತ ಹಳೇ ಮಾತು.

ಪರೀಕ್ಷೆ ಸುಲಭ. ಪ್ರತಿ ಫ್ರೇಮ್‌ನಲ್ಲಿ ಗೆರೆ ಯಾವ ಸ್ವಿಚ್ ಮೇಲಿದೆ ಅಂತ ಫೈಲಿಗೆ ಬರೆಸಿ. ಕ್ಲಿಕ್ ಆದ ಕೂಡಲೇ ಹಿಂದಿನ ಹತ್ತು ಸಾಲು ಓದಿ. ನಾಲ್ಕು, ನಾಲ್ಕು, ನಾಲ್ಕು ಅಂತ ಬಂದು ಕೊನೆಯಲ್ಲಿ ಐದು ಅಂತ ಇದ್ದರೆ ಕಳ್ಳ ಸಿಕ್ಕಿಬಿದ್ದ. ಆಗ ಕ್ಲಿಕ್ ಆದ ಹೊತ್ತಿನ ಗುರಿ ತಗೋಬೇಡಿ, ಏಳೆಂಟು ಫ್ರೇಮ್ ಹಿಂದಿನದ್ದು ತಗೊಳ್ಳಿ. 72 ಹರ್ಟ್ಸ್‌ನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 14 ಮಿಲಿಸೆಕೆಂಡ್. ಎಂಟು ಫ್ರೇಮ್ ಅಂದರೆ 110ರ ಆಸುಪಾಸು. ಮನುಷ್ಯನಿಗೆ ಗೊತ್ತೇ ಆಗೋದಿಲ್ಲ.

ಫಿಸಿಕ್ಸ್ ಪದ್ಮ | 10:34
ಭೌತವಿಜ್ಞಾನಿ ಹೈಸೆನ್‌ಬರ್ಗ್ ಅವರ 1927ರ ಅನಿಶ್ಚಿತತಾ ತತ್ವಕ್ಕೂ ಬೆರಳು ಅಲುಗುವುದಕ್ಕೂ ಏನೂ ಸಂಬಂಧವಿಲ್ಲ. ಅಳೆಯಲು ಹೋದರೆ ಅಳತೆಯೇ ಕೆಡುತ್ತೆ ಅನ್ನೋದು ಬೇರೆ, ಜಾಗ ಮತ್ತು ವೇಗ ಎರಡನ್ನೂ ಒಟ್ಟಿಗೆ ಕರಾರುವಾಕ್ಕಾಗಿ ಹೇಳೋಕಾಗಲ್ಲ ಅನ್ನೋದು ಬೇರೆ. ಪಿಯುಸಿ ಮಕ್ಕಳ ತಲೆ ಕೆಡೋದೇ ಇಂಥ ಹೆಸರುಗಳಿಂದ.

ಕೋಲಾರ ಕೋಡರ್ | 10:36
ಹೆಸರು ನಾನಿಟ್ಟಿದ್ದಲ್ಲ ಮೇಡಂ. ತಮಾಷೆಗೆ ಇಟ್ಟಿದ್ದಾರೆ, ಅಂಟಿಕೊಂಡಿದೆ.

ಫಿಸಿಕ್ಸ್ ಪದ್ಮ | 10:37
ಅಂಟಿಕೊಳ್ಳೋದೇ ಸಮಸ್ಯೆ.

ತಿಪಟೂರು ಫಿಸಿಯೋ | ಭಾನುವಾರ ಬೆಳಿಗ್ಗೆ 7:05
ಕೈನೋವಿನ ಬಗ್ಗೆ ಯಾರೂ ಮಾತಾಡಲೇ ಇಲ್ಲ. ನಾನು ವಿಆರ್ ಮುಟ್ಟಿದ್ದು ಎರಡೇ ಸಲ, ಆದರೆ ಭುಜ ದಿನಾ ನೋಡುತ್ತೇನೆ.

ಮೂಟೆ ಹೊರುವವನಿಗೆ ಯಾಕೆ ನೋವು ಅಂತ ಕೇಳಿದ್ದೀರಿ. ಮೂಟೆ ಬೆನ್ನಿನ ಮೇಲಿರುತ್ತೆ, ಕಾಲು ನಡೆಯುತ್ತಿರುತ್ತೆ, ಸ್ನಾಯು ಬಿಗಿಯುತ್ತೆ, ಬಿಡುತ್ತೆ. ಕೈ ಮುಂದೆ ಚಾಚಿ ಅಲ್ಲಾಡದೆ ಹಿಡಿಯೋದು ಹಾಗಲ್ಲ. ಒಂದು ತೋಳಿನ ತೂಕ ಮೈತೂಕದ ನೂರಕ್ಕೆ ಐದರಷ್ಟು. ಅರವತ್ತು ಕಿಲೋ ಹುಡುಗನಿಗೆ ಮೂರು ಕಿಲೋ. ಅದನ್ನು ಭುಜ ಒಂದೇ ತೂಗಿಸಬೇಕು, ಬಿಡುವೇ ಇಲ್ಲ. ಬಿಗಿದೇ ಇರುವ ಸ್ನಾಯುವಿಗೆ ರಕ್ತ ಸರಿಯಾಗಿ ಹರಿಯೋದಿಲ್ಲ, ಉರಿ ಶುರುವಾಗುತ್ತೆ. ಬೇಕಿದ್ದರೆ ಈಗಲೇ ಫೋನ್ ಹಿಡಿದು ಕೈ ನೇರ ಚಾಚಿ ಈ ದಾರ ಪೂರ್ತಿ ಓದಿ ನೋಡಿ.

ಮೊಣಕೈ ಸೊಂಟದ ಹತ್ತಿರ ಇರಲಿ. ಆರಿಸಬೇಕಾದ್ದೆಲ್ಲ ಭುಜಕ್ಕಿಂತ ಕೆಳಗೆ, ಎದೆಗೂ ಹೊಟ್ಟೆಗೂ ನಡುವೆ ಇರಲಿ. ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಕೈ ಇಳಿಸುವ ಹಾಗೆ ಏನಾದರೂ ಇರಲಿ.

ಚಿಂತಾಮಣಿ ಚೇತು | 7:40
ಓದಿದೆ. ಹೈಸೆನ್‌ಬರ್ಗ್ ಜಗಳದ ಹೊತ್ತಿಗೆ ಕೈ ಬಿದ್ದೋಯ್ತು.

ಕೋಲಾರ ಕೋಡರ್ | 8:10
ಅಕ್ಕ ಹೇಳಿದ್ದಕ್ಕೆ ನಮ್ಮಲ್ಲೂ ಹೆಸರಿದೆ, ಗೊರಿಲ್ಲಾ ಆರ್ಮ್. ಟಚ್‌ಸ್ಕ್ರೀನ್ ನೆಟ್ಟಗೆ ನಿಲ್ಲಿಸಿ ಜನರನ್ನು ಒತ್ತಿಸಿದ ಕಾಲದಿಂದ ಬಂದ ಮಾತು. (ಪದ್ಮ ಮೇಡಂ, ಗೊರಿಲ್ಲಾ ಬಗ್ಗೆ ತಕರಾರಿದ್ದರೆ ಪ್ರಾಣಿಶಾಸ್ತ್ರದವರನ್ನು ಕರೀರಿ.)

ನಿಟ್ಟೂರು ನಟ | 8:22
ಎಲ್ಲ ಕೆಳಗಿಟ್ಟರೆ ಕತ್ತು ಬಗ್ಗಿಸಬೇಕಲ್ಲ? ನನಗೆ ಕತ್ತು ನೋವೇ ಜಾಸ್ತಿ.

ತಿಪಟೂರು ಫಿಸಿಯೋ | 8:50
ಒಳ್ಳೇ ಪ್ರಶ್ನೆ. ಆ ಹೆಡ್‌ಸೆಟ್ ತೂಕ ಎಷ್ಟು?

ಗುಬ್ಬಿ ಗೇಟ್ ಗಿರಿ | 8:53
ಕ್ವೆಸ್ಟ್ 3 ಆದರೆ 515 ಗ್ರಾಂ ಅಕ್ಕ.

ತಿಪಟೂರು ಫಿಸಿಯೋ | 9:02
ಅರ್ಧ ಕಿಲೋ, ಅದೂ ಮುಖದ ಮುಂದೆ. ಹಾಗಾದರೆ ಹೊಟ್ಟೆವರೆಗೆ ಇಳಿಸಬೇಡಿ. ತಲೆ ಬಗ್ಗಿದಷ್ಟೂ ಕತ್ತಿನ ಹಿಂದಿನ ಸ್ನಾಯು ಎಳೆದು ಹಿಡಿಯಬೇಕು. ಕೈಗೆ ಕೆಳಗಿರುವುದು ಸುಖ, ಕತ್ತಿಗೆ ಎದುರಿಗಿರುವುದು ಸುಖ. ಎದೆಮಟ್ಟ ಅಂದರೆ ಇಬ್ಬರಿಗೂ ಒಪ್ಪಿಗೆ ಆಗುತ್ತೆ. ಎತ್ತರ ಒಬ್ಬೊಬ್ಬರಿಗೆ ಒಂದೊಂದು, ಹಾಗಾಗಿ ಬಾಕ್ಸ್ ಆ ಹುಡುಗನ ಎತ್ತರ ನೋಡಿ ತಾನೇ ಏರಿಳಿಯುವ ಹಾಗೆ ಮಾಡಿ.

ಶಿಡ್ಲಘಟ್ಟ ಶಾರದೆ | 10:15
ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೇನೆ, ಪ್ರಾಜೆಕ್ಟ್ ಇದೇ ವಿಷಯ. ನನಗೆ ಹೊಳೆದದ್ದು ಮನೆಯಲ್ಲಿ.

ನಮ್ಮಮ್ಮ ರೇಷ್ಮೆ ನೂಲು ತೆಗೆಯುವವರು. ಬಿಸಿನೀರಿನಲ್ಲಿ ಬೆಂದ ಗೂಡುಗಳು ಒಂದಕ್ಕೊಂದು ಒತ್ತಿಕೊಂಡು ತೇಲುತ್ತಿರುತ್ತವೆ. ಒಂದು ಗೂಡಿನ ಒಂದೇ ಎಳೆ ಹುಡುಕಿಕೊಂಡು ಅಮ್ಮ ಯಾವತ್ತೂ ಬೆರಳು ಹಾಕೋದಿಲ್ಲ. ಮೊದಲು ಮೇಲೆ ಮೇಲೆ ಸವರಿ ಒಂದಷ್ಟು ಎಳೆ ಒಟ್ಟಿಗೆ ಎತ್ತಿಕೊಳ್ಳುತ್ತಾರೆ. ಸಿಕ್ಕುಸಿಕ್ಕಾಗಿ ಬರುತ್ತೆ. ಅದನ್ನು ಎಡಗೈಗೆ ಸುತ್ತಿಕೊಂಡು ಬಲಗೈಯಲ್ಲಿ ಒಂದೊಂದೇ ಬಿಡಿಸುತ್ತಾರೆ. ಕಣ್ಣು ಪಕ್ಕದವರ ಜೊತೆ ಮಾತಿನಲ್ಲಿರುತ್ತೆ.

ವಿಆರ್‌ನಲ್ಲೂ ಹಾಗೇ ಮಾಡಬಹುದು. ತೆಳು ಗೆರೆ ಬದಲು ಟಾರ್ಚಿನ ಬೆಳಕಿನ ಹಾಗೆ ಅಗಲವಾದ ಕೋನ ಬಿಡಿ. ಅದರೊಳಗೆ ಮೂರೋ ನಾಲ್ಕೋ ಸ್ವಿಚ್ ಸಿಗುತ್ತವೆ. ಅಷ್ಟನ್ನೇ ದೊಡ್ಡದಾಗಿ ಬಿಡಿಸಿ ಎದುರಿಗೆ ತೋರಿಸಿ, ಅದರಲ್ಲಿ ಒಂದನ್ನು ಆರಿಸಲಿ. ಎರಡು ಸಲ ಒತ್ತಬೇಕು, ಆದರೆ ಎರಡೂ ಸಲ ಸುಲಭ. 2011ರಲ್ಲೇ ಇದರ ಮೇಲೆ ಕೆಲಸ ಆಗಿದೆ.

ಕೋಲಾರ ಕೋಡರ್ | 10:31
ಚೆನ್ನಾಗಿದೆ ಶಾರದೆ. ಆದರೆ ಒಂದು ತೊಂದರೆ. ಎತ್ತಿ ಬಿಡಿಸಿದ ಮೇಲೆ ಸ್ವಿಚ್ ತನ್ನ ಜಾಗದಲ್ಲಿ ಇರೋದಿಲ್ಲ. "ಎಡದಿಂದ ನಾಲ್ಕನೇದು" ಅನ್ನೋದು ಕಳೆದುಹೋಗುತ್ತೆ. ಹನ್ನೆರಡೂ ಒಂದೇ ಥರ ಕಾಣುವಾಗ ಜಾಗವೇ ಹೆಸರು.

ಶಿಡ್ಲಘಟ್ಟ ಶಾರದೆ | 10:35
ನಂಬರ್ ಬರೆದರೆ ಆಯ್ತಲ್ಲ ಅಣ್ಣ.

ಮಧುಗಿರಿ ಮೇಷ್ಟ್ರು | 10:41
ನಿಜವಾದ ಬೋರ್ಡಿನಲ್ಲೂ ಬರೆದಿರಬೇಕು, ಯಾರೂ ಬರೆಯೋದಿಲ್ಲ. ಅದು ಇನ್ನೊಂದು ಕಥೆ.

ಲೆಕ್ಕದ ಲಕ್ಕಪ್ಪ | 11:20
ಇಷ್ಟು ಮಾತಾಡಿ ಫಿಟ್ಸ್ ಹೆಸರೇ ಯಾರೂ ಎತ್ತಲಿಲ್ಲ! 1954ರಲ್ಲಿ ಪಾಲ್ ಫಿಟ್ಸ್ ಅನ್ನೋ ಮನಶ್ಶಾಸ್ತ್ರಜ್ಞರು ಎರಡು ಲೋಹದ ಪಟ್ಟಿ ಇಟ್ಟು, ಕಡ್ಡಿಯಲ್ಲಿ ಅದನ್ನೊಮ್ಮೆ ಇದನ್ನೊಮ್ಮೆ ಕುಟ್ಟಿಸಿ ಸಮಯ ಅಳೆದರು. ದೂರ ಜಾಸ್ತಿ ಆದರೆ ಹೊತ್ತು ಜಾಸ್ತಿ, ಪಟ್ಟಿ ಕಿರಿದಾದರೆ ಹೊತ್ತು ಜಾಸ್ತಿ. ಇದು ಎಲ್ಲರಿಗೂ ಗೊತ್ತು. ಅವರು ತೋರಿಸಿದ್ದು ಏನೆಂದರೆ, ಎಣಿಕೆಗೆ ಬರೋದು ದೂರವನ್ನು ಅಗಲದಿಂದ ಭಾಗಿಸಿದ ಪ್ರಮಾಣ, ಅದೂ ಲಾಗರಿದಮ್‌ನಲ್ಲಿ.

ಗಿರಿಯವರ ಬೋರ್ಡಿಗೆ ಹಾಕೋಣ. ಗೆರೆ 36 ಸೆಂಟಿಮೀಟರ್ ಆಚೆ ನಿಂತಿದೆ, ಸ್ವಿಚ್ 1.8 ಸೆಂಟಿಮೀಟರ್ ಅಗಲ ಅಂದುಕೊಳ್ಳಿ. ದೂರದ ಎರಡರಷ್ಟನ್ನು ಅಗಲದಿಂದ ಭಾಗಿಸಿದರೆ 40. ಎರಡರ ಲಾಗ್ ತೆಗೆದರೆ ಸುಮಾರು 5.3 ಬಿಟ್ ಕಷ್ಟ. ಸ್ವಿಚ್ ಎರಡರಷ್ಟು ಅಗಲ ಮಾಡಿದರೆ 4.3. ಒಂದೇ ಬಿಟ್ ಇಳಿಯುತ್ತೆ.

ಈಗ ಮೇಷ್ಟ್ರ ಮಾತಿಗೆ ಒಂದು ಕೊಕ್ಕೆ. ಬೋರ್ಡನ್ನು ಹತ್ತಿರ ತಂದರೆ ಸ್ವಿಚ್ಚೂ ದೊಡ್ಡದಾಗಿ ಕಾಣುತ್ತೆ, ಸ್ವಿಚ್ಚಿನಿಂದ ಸ್ವಿಚ್ಚಿಗೆ ದೂರವೂ ಹಿಗ್ಗುತ್ತೆ. ಪ್ರಮಾಣ ಅಷ್ಟೇ ಉಳೀತು. ಫಿಟ್ಸ್ ಪ್ರಕಾರ ಏನೂ ಲಾಭ ಇಲ್ಲ!

ಶ್ರೀನಿವಾಸಪುರದ ದೋಟಿ | 11:36
ಲಕ್ಕಪ್ಪನವರೇ, ಕೈ ನಡುಗೋದು ಹಿಗ್ಗುತ್ತಾ? ಅದು ಇದ್ದಷ್ಟೇ ಇರುತ್ತೆ. ಸ್ವಿಚ್ 0.4 ಡಿಗ್ರಿ ಇದ್ದಾಗ ಅರ್ಧ ಡಿಗ್ರಿ ನಡುಕಕ್ಕೆ ಪಕ್ಕದ್ದು ಬೀಳುತ್ತೆ. 60 ಸೆಂಟಿಮೀಟರ್‌ಗೆ ತಂದರೆ ಅದೇ ಸ್ವಿಚ್ 1.7 ಡಿಗ್ರಿ. ನಡುಕ ಒಳಗೇ ಮುಗೀತು.

ಲೆಕ್ಕದ ಲಕ್ಕಪ್ಪ | 11:50
ಒಪ್ಪಿದೆ. ಫಿಟ್ಸ್ ಹೇಳೋದು ಕೈಯಿಂದ ಆಗುವ ಕೆಲಸಕ್ಕೆ ಎಷ್ಟು ಹೊತ್ತು ಅಂತ. ನಡುಕಕ್ಕಿಂತ ಸಣ್ಣ ಗುರಿ ಇದ್ದರೆ ಎಷ್ಟು ಹೊತ್ತು ಕೊಟ್ಟರೂ ಅಷ್ಟೇ. ಕೊಕ್ಕೆ ವಾಪಸ್ ತಗೊಂಡೆ.

ಚಿಂತಾಮಣಿ ಚೇತು | 12:05
ಈ ವೇದಿಕೆಯಲ್ಲಿ ಒಬ್ಬರು ಮಾತು ವಾಪಸ್ ತಗೊಂಡಿದ್ದು ಇದೇ ಮೊದಲು. ಸ್ಕ್ರೀನ್‌ಶಾಟ್ ಇಟ್ಕೊಂಡೆ.

ನಿಟ್ಟೂರು ನಟ | 12:30
ಬಬಲ್ ಕರ್ಸರ್ ಹಾಕಿ ಸಾರ್. ಗೆರೆ ಯಾವುದಕ್ಕೂ ತಾಗದಿದ್ದರೂ ಹತ್ತಿರ ಇರುವುದನ್ನೇ ಹಿಡಿಯುತ್ತೆ. 2005ರದ್ದು, ಕಂಪ್ಯೂಟರ್ ಮೌಸ್‌ಗೆ ಅಂತ ಮಾಡಿದ್ದು. ನಮ್ಮ ಆಟದಲ್ಲಿ ಹಾಕಿದ ಮೇಲೆ ಬೈಗುಳ ನಿಂತಿದೆ.

ಕೋಲಾರ ಕೋಡರ್ | 12:48
ಆಟದಲ್ಲಿ ಸರಿ, ಅಲ್ಲಿ ಬಲೂನುಗಳ ನಡುವೆ ಖಾಲಿ ಜಾಗ ಇರುತ್ತೆ. ಬಬಲ್ ಕರ್ಸರ್ ಬದುಕೋದೇ ಆ ಖಾಲಿ ಜಾಗ ತಿಂದು. ಇಲ್ಲಿ ಎಂಸಿಬಿಗಳು ಒಂದಕ್ಕೊಂದು ಅಂಟಿಕೊಂಡಿವೆ. ಎಡಬಲಕ್ಕೆ ಒಂದಿಂಚೂ ಸಿಗೋದಿಲ್ಲ. ಮೇಲೆ ಕೆಳಗೆ ಮಾತ್ರ ಲಾಭ.

ಆದರೆ ಅದರ ತಮ್ಮನೊಬ್ಬನಿದ್ದಾನೆ, ಅಂಟು. ಒಂದು ಸಲ ನಾಲ್ಕನೇದು ಬೆಳಗಿದ ಮೇಲೆ ಗೆರೆ ಗಡಿ ದಾಟಿದ ಕೂಡಲೇ ಐದಕ್ಕೆ ಹಾರಬಾರದು. ಐದರ ಒಳಗೆ ಕಾಲು ಭಾಗ ಹೋದ ಮೇಲೆ ಮಾತ್ರ ಹಾರಬೇಕು. ವಾಪಸ್ ಬರುವಾಗಲೂ ಹಾಗೇ. ಗಡಿಯಲ್ಲಿ ಮಿಣಮಿಣ ಅನ್ನೋದು ನಿಲ್ಲುತ್ತೆ, ಹುಡುಗನಿಗೆ ತಾನು ಯಾವುದರ ಮೇಲಿದ್ದೇನೆ ಅನ್ನೋ ಧೈರ್ಯ ಬರುತ್ತೆ.

ನಡುಕಕ್ಕೆ ಒನ್ ಯೂರೋ ಫಿಲ್ಟರ್ ಅನ್ನೋ ಲೆಕ್ಕದ ಸೂತ್ರ ಹಾಕಿ. 2012ರದ್ದು, ಹೊಂದಿಸೋಕೆ ಎರಡೇ ತಿರುಪು. ಕೈ ನಿಧಾನವಾದಾಗ ಜಾಸ್ತಿ ನಯ ಮಾಡುತ್ತೆ, ಕೈ ಜೋರಾಗಿ ಹೋದಾಗ ಅಡ್ಡ ಬರೋದಿಲ್ಲ. ಸುಮ್ನೆ ಸರಾಸರಿ ತೆಗೆದರೆ ಗೆರೆ ಎಮ್ಮೆಯ ಹಾಗೆ ಹಿಂದೆ ಹಿಂದೆ ಬರುತ್ತೆ. ಒಂದು ಎಚ್ಚರ: ಫಿಲ್ಟರ್ ಕೈಗೆ ಮಾತ್ರ. ಅಪ್ಪಿತಪ್ಪಿ ತಲೆಯ ಚಲನೆಗೆ ಹಾಕಿದಿರೋ, ನೋಡುವವರು ವಾಂತಿ ಮಾಡಿಕೊಳ್ಳುತ್ತಾರೆ. ನಾನು ಹಾಕಿದ್ದೆ. ನನ್ನ ತಮ್ಮ ಎರಡು ದಿನ ಮಾತಾಡಿಸಲಿಲ್ಲ.

ಚಿಂತಾಮಣಿ ಚೇತು | 1:10
ಇಷ್ಟೆಲ್ಲ ಯಾಕೆ? ಆಪಲ್‌ನವರದ್ದು ನೋಡಿ. ಕಣ್ಣಲ್ಲಿ ನೋಡು, ಬೆರಳಲ್ಲಿ ಚಿವುಟು. ಮುಗೀತು. ಕೈ ತೊಡೆ ಮೇಲೇ ಇರುತ್ತೆ.

ಗುಬ್ಬಿ ಗೇಟ್ ಗಿರಿ | 1:14
ಮತ್ತೆ ಅದೇ ದುಡ್ಡಿನ ಮಾತು. ಕ್ವೆಸ್ಟ್ 3ರಲ್ಲಿ ಕಣ್ಣು ಹಿಂಬಾಲಿಸುವ ಕ್ಯಾಮೆರಾ ಇಲ್ಲ ಚೇತು.

ಶಿಡ್ಲಘಟ್ಟ ಶಾರದೆ | 1:40
ಇದ್ದರೂ ಈ ಬೋರ್ಡಿಗೆ ಆಗೋದಿಲ್ಲ. ಚೇತು ಹೇಳಿದ ಆಪಲ್ ಹೆಡ್‌ಸೆಟ್, ವಿಷನ್ ಪ್ರೋ, ಅಮೆರಿಕದಲ್ಲಿ ಬಂದದ್ದು 2024ರ ಫೆಬ್ರುವರಿಯಲ್ಲಿ. ಕಣ್ಣು ಮತ್ತು ಚಿವುಟು ಸೇರಿಸುವ ಯೋಚನೆ ಅದಕ್ಕಿಂತ ಮೊದಲೇ, 2017ರ ಒಂದು ಪ್ರಬಂಧದಲ್ಲಿ ಬಂದಿತ್ತು. ಚೆನ್ನಾಗಿದೆ, ಕೈಗೆ ಸುಖ. ಆದರೆ ಕಣ್ಣಿನ ಅಳತೆಯಲ್ಲಿ ಅರ್ಧದಿಂದ ಒಂದು ಡಿಗ್ರಿ ತಪ್ಪು ಬರೋದು ಮಾಮೂಲಿ. 0.4 ಡಿಗ್ರಿ ಸ್ವಿಚ್ಚಿಗೆ ಎಲ್ಲಿ ಸಾಕಾಗುತ್ತೆ?

ಇನ್ನೊಂದು ಮಜಾ ಇದೆ. ಕಣ್ಣು ಕೈಗಿಂತ ಮುಂದೆ ಓಡುತ್ತೆ. ಬೆರಳು ಚಿವುಟುವ ಹೊತ್ತಿಗೆ ಕಣ್ಣು ಮುಂದಿನ ಕೆಲಸ ನೋಡುತ್ತಿರುತ್ತೆ. ಆಗ ಬೇಡದೇ ಇದ್ದದ್ದು ಬೀಳುತ್ತೆ. ಅದಕ್ಕೂ ಕೋಡರ್ ಅಣ್ಣ ಹೇಳಿದ ಹಿಂದಿನ ಫ್ರೇಮ್ ಮದ್ದೇ. ಚಿವುಟು ಬೇಡ, ನೋಡಿದ್ದೆಲ್ಲ ಆಯ್ಕೆಯಾಗಲಿ ಅಂದರೆ ಕಣ್ಣು ಹಾಯಿಸಿದ್ದೆಲ್ಲ ಬೀಳುತ್ತೆ. ಮುಟ್ಟಿದ್ದೆಲ್ಲ ಚಿನ್ನವಾದ ಮೈಡಾಸ್ ರಾಜನ ಪಾಡು. ಇದಕ್ಕೆ ಹೆಸರೂ ಮೈಡಾಸ್ ಟಚ್ ಅಂತಲೇ.

ಚಿಂತಾಮಣಿ ಚೇತು | 1:52
ನಾವು ಅದಕ್ಕೆ ಭಸ್ಮಾಸುರ ಅಂತೀವಿ.

ನರಸಾಪುರ ನಾಗ | 3:25
ಎಆರ್ (ಕ್ಯಾಮೆರಾದಲ್ಲಿ ಕಾಣುವ ನಿಜ ದೃಶ್ಯದ ಮೇಲೆ ಗುರುತು ಕೂರಿಸೋದು) ಬಗ್ಗೆಯೂ ಮಾತಾಡಿ ಸ್ವಾಮಿ. ನಾನು ಫ್ಯಾಕ್ಟರಿಯಲ್ಲಿ ಟ್ಯಾಬ್ಲೆಟ್ ಹಿಡಿದು ಮಷೀನ್ ತೋರಿಸಿ, ಅದರ ಮೇಲೆ ಬರುವ ಚುಕ್ಕೆ ಒತ್ತುವ ಕೆಲಸ ಮಾಡುತ್ತೇನೆ. ಒಂದು ಕೈಯಲ್ಲಿ ಟ್ಯಾಬ್ಲೆಟ್, ಇನ್ನೊಂದು ಕೈಯಲ್ಲಿ ಒತ್ತು. ಒತ್ತುವಷ್ಟರಲ್ಲಿ ಟ್ಯಾಬ್ಲೆಟ್ ಅಲುಗಿ ಚುಕ್ಕೆ ಓಡಿಹೋಗುತ್ತೆ. ಮದುವೆಮನೆಯಲ್ಲಿ ಎಲೆ ಮೇಲೆ ರಸಂ ಹಿಡಿದ ಹಾಗೆ.

ಕೊನೆಗೆ ಒಂದು "ನಿಲ್ಲು" ಬಟನ್ ಹಾಕಿಸಿದೆವು. ಮಷೀನ್ ಕಂಡ ಕೂಡಲೇ ಅದನ್ನು ಒತ್ತಿದರೆ ಚಿತ್ರ ಫೋಟೋ ಥರ ನಿಂತುಬಿಡುತ್ತೆ. ಟ್ಯಾಬ್ಲೆಟ್ ಕೆಳಗಿಳಿಸಿ, ಆರಾಮಾಗಿ ಕೂತು ಚುಕ್ಕೆ ಒತ್ತಬಹುದು. ಆಮೇಲೆ ಬಿಟ್ಟರೆ ಮತ್ತೆ ಚಲಿಸುತ್ತೆ. ಕೈಗೂ ಸುಖ.

ಪಾವಗಡದ ಬಿಸಿಲು | 4:02
ನಮ್ಮ ಗೋಳು ಕೇಳಿ. 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್. ಎತ್ತ ನೋಡಿದರೂ ಒಂದೇ ಥರದ ಪ್ಯಾನೆಲ್. "ಕೆಟ್ಟದ್ದನ್ನು ಎಆರ್‌ನಲ್ಲಿ ಗುರಿ ಇಟ್ಟು ಒತ್ತಿ" ಅಂದರು. ಆ ಬಿಸಿಲಿಗೆ ಫೋನ್ ಸ್ಕ್ರೀನೇ ಕಾಣೋದಿಲ್ಲ, ಗುರಿ ಎಲ್ಲಿಂದ ಬಂತು? ಈಗ ಸಾಲಿನ ಕಂಬಕ್ಕೆ ಕ್ಯೂಆರ್ ಅಂಟಿಸಿ, ಸ್ಕ್ಯಾನ್ ಮಾಡಿ, ಎಷ್ಟನೇದು ಅಂತ ಅಂಕಿ ಒತ್ತುತ್ತೇವೆ. ಗುರಿ ಇಡೋ ಕೆಲಸವೇ ಇಲ್ಲ.

ಇನ್ನೊಂದು. ವಿಆರ್ ಹೆಡ್‌ಸೆಟ್‌ನ ಬಿಸಿಲಿಗೆ ಇಡಬೇಡಿ. ಕಿಟಕಿ ಪಕ್ಕ ಮಲಗಿಸಿ ಊಟಕ್ಕೆ ಹೋಗಿದ್ದೆ. ಲೆನ್ಸ್ ಭೂತಗನ್ನಡಿ ಥರ ಕೆಲಸ ಮಾಡಿ ಒಳಗಿನ ಸ್ಕ್ರೀನ್ ಮೇಲೆ ಚುಕ್ಕೆ ಸುಟ್ಟಿದೆ. ಇವತ್ತಿಗೂ ಎಲ್ಲಿ ನೋಡಿದರೂ ಆ ಹಳದಿ ಚುಕ್ಕೆ ಜೊತೆಗೇ ಬರುತ್ತೆ.

ಮಾಲೂರು ಮಂಜ | 4:20
ಮಾತಲ್ಲೇ ಹೇಳಿದರೆ ಆಗಲ್ವಾ? "ನಾಲ್ಕನೇದು ಆಫ್ ಮಾಡು". ಗುರಿನೂ ಬೇಡ, ನೋವೂ ಬೇಡ.

ಲೆಕ್ಕದ ಲಕ್ಕಪ್ಪ | 4:33
1980ರಲ್ಲೇ ಎಂಐಟಿಯಲ್ಲಿ ಬೆರಳು ತೋರಿಸಿ "ಅದನ್ನು ಅಲ್ಲಿಡು" ಅಂತ ಮಾತಲ್ಲಿ ಹೇಳಿದರೆ ಕೇಳುವ ಯಂತ್ರ ಮಾಡಿದ್ದರು. ಹೊಸದೇನಲ್ಲ.

ಮಾಲೂರು ಮಂಜ | 4:35
ಅದಕ್ಕೆ ಕೋಲಾರದ ಕನ್ನಡ ಬರ್ತಿತ್ತಾ? ನಮ್ಮಮ್ಮ ಒಂದು ವಾಕ್ಯದಲ್ಲಿ ಎರಡು ಸಲ ತೆಲುಗಿಗೆ ಹೋಗಿ ಬರ್ತಾರೆ.

ಪಾವಗಡದ ಬಿಸಿಲು | 4:36
ನಮ್ಮಲ್ಲಿ ಹೋದವರು ವಾಪಸ್ಸೇ ಬರಲ್ಲ.

ಮಧುಗಿರಿ ಮೇಷ್ಟ್ರು | 4:50
ಮಂಜ, ಬೋರ್ಡಿಗೆ ಹೇಳಿದರೆ ಬೋರ್ಡು ಕೇಳೋದಿಲ್ಲ. ಕೈ ಕಲಿಯಬೇಕು ಅಂತ ತಾನೇ ಇಷ್ಟೆಲ್ಲ?

ನಿಟ್ಟೂರು ನಟ | 5:30
ಭಾನುವಾರ ಸಂಜೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಯಾರಾದರೂ ಬರ್ತೀರಾ?

ಮಾಲೂರು ಮಂಜ | 5:32
ಮುಳಬಾಗಿಲು ದೋಸೆ ತಿಂದವರು ಇಡ್ಲಿಗೆ ಅಷ್ಟು ದೂರ ಬರಲ್ಲ.

ನಿಟ್ಟೂರು ನಟ | 5:33
ತಟ್ಟೆಯಗಲ ಇದೆ ಗುರು. ಫಿಟ್ಸ್ ಪ್ರಕಾರ ತಪ್ಪೋ ಚಾನ್ಸೇ ಇಲ್ಲ.

ವೇದಿಕೆ ನಿರ್ವಾಹಕ | 5:41
ಊಟದ ಜಗಳಕ್ಕೆ ಬೇರೆ ದಾರ ಇದೆ. ದಯವಿಟ್ಟು ಅಲ್ಲಿಗೆ ಹೋಗಿ.

ಗುಬ್ಬಿ ಗೇಟ್ ಗಿರಿ | ಮುಂದಿನ ಶನಿವಾರ ರಾತ್ರಿ 8:40
ಒಂದು ವಾರ ಕೂತು ಮಾಡಿದ್ದನ್ನು ಹೇಳುತ್ತೇನೆ.

ಮೊದಲು ಕೋಡರ್ ಹೇಳಿದ ಪರೀಕ್ಷೆ. ಫೈಲ್ ತೆರೆದು ನೋಡಿದರೆ ಕಳ್ಳ ಅಲ್ಲೇ ಕೂತಿದ್ದ. ನಾಲ್ಕು, ನಾಲ್ಕು, ನಾಲ್ಕು, ಕೊನೇ ಐದಾರು ಸಾಲು ಐದು. ಎಲ್ಲ ತಪ್ಪೂ ಹಾಗಲ್ಲ. ಕೆಲವು ಮೊದಲಿಂದಲೇ ಮೂರು ನಾಲ್ಕರ ನಡುವೆ ಕುಣಿಯುತ್ತಿದ್ದವು, ಅದು ದೋಟಿ ಕಥೆ. ಎಂಟು ಫ್ರೇಮ್ ಹಿಂದಕ್ಕೆ ಹೋದೆ, ಅಂಟು ಹಾಕಿದೆ, ಫಿಲ್ಟರ್ ಹಾಕಿದೆ. ಮೆನು ಒತ್ತುವಾಗ ಈಗ ತಪ್ಪು ಆಗುತ್ತಿಲ್ಲ ಅನ್ನಬಹುದು.

ಆಮೇಲೆ ಬೋರ್ಡಿಗೆ ಬಂದೆ. ಮೇಷ್ಟ್ರ ಮಾತಿಗೆ ತಲೆಬಾಗಿ ಗೋಡೆಯನ್ನೇ ಮುಂದೆ ತಂದೆ. 55 ಸೆಂಟಿಮೀಟರ್ ದೂರ, ಎದೆಮಟ್ಟ. ಲೇಸರ್ ತೆಗೆದುಹಾಕಿ ಬೆರಳಿನಿಂದಲೇ ಮುಟ್ಟಿಸಿದೆ. ಗೆದ್ದೆ ಅಂದುಕೊಂಡೆ. ಮೊದಲನೇ ಹುಡುಗ ಕೈ ಚಾಚಿದ, ಬೆರಳು ಬೋರ್ಡ್ ಒಳಗೇ ಹೋಯ್ತು. ತಡೆಯೋಕೆ ಅಲ್ಲಿ ಏನೂ ಇಲ್ಲವಲ್ಲ! ಕೈ ಹಿಂದೆ ತೆಗೆಯುವಾಗ ಇನ್ನೆರಡು ಬಿದ್ದವು.

ಕೋಲಾರ ಕೋಡರ್ | 8:52
ಮುಂದಿನಿಂದ ಬಂದ ಬೆರಳಿಗೆ ಮಾತ್ರ ಲೆಕ್ಕ ಕೊಡಿ. ಹಿಂದಿನಿಂದ, ಪಕ್ಕದಿಂದ ಬಂದರೆ ಗಣನೆಗೇ ತಗೋಬೇಡಿ. ಒಂದು ಮುಟ್ಟಿದ ಮೇಲೆ ಬೆರಳು ಪೂರ್ತಿ ಆಚೆ ಬರುವವರೆಗೆ ಉಳಿದವು ಮಲಗಿರಲಿ. ಚಿತ್ರದಲ್ಲಿ ಕಾಣುವ ಬೆರಳನ್ನು ಸ್ವಿಚ್ ಮೇಲೇ ನಿಲ್ಲಿಸಿ, ನಿಜವಾದ ಕೈ ಒಳಗೆ ಹೋದರೂ ಪರವಾಗಿಲ್ಲ. ಕಣ್ಣು ನಂಬುತ್ತೆ. "ಟಕ್" ಅಂತ ಶಬ್ದ ಮರೀಬೇಡಿ.

ಮಧುಗಿರಿ ಮೇಷ್ಟ್ರು | 9:05
ಎಂಸಿಬಿ ಒತ್ತೋ ಬಟನ್ ಅಲ್ಲ ಮಹಾರಾಯ. ಅದಕ್ಕೊಂದು ನಾಬ್ ಇದೆ, ಮೇಲಿದ್ದರೆ ಆನ್, ಕೆಳಗೆ ಎಳೆದರೆ ಆಫ್. ಬೆರಳು ನಾಬ್ ಮೇಲಿಟ್ಟು ಕೆಳಗೆ ಎಳೆದರೆ ಮಾತ್ರ ಬೀಳಲಿ. ಸುಮ್ನೆ ತಾಗಿದರೆ ಬೀಳಬಾರದು.

ಗುಬ್ಬಿ ಗೇಟ್ ಗಿರಿ | 9:07
ಅಯ್ಯೋ. ಇದು ನನಗೆ ಹೊಳೆಯಲೇ ಇಲ್ಲ.

ಗುಬ್ಬಿ ಗೇಟ್ ಗಿರಿ | ಗುರುವಾರ ಸಂಜೆ 6:18
ಹಾಕಿದೆ. ಪಕ್ಕಕ್ಕೆ ಕೈ ತಾಗಿದರೂ ಏನೂ ಆಗೋದಿಲ್ಲ, ಕೆಳಗೆ ಎಳೆದರೆ ಮಾತ್ರ ಟಕ್. ಗುರಿ ಸ್ವಲ್ಪ ಆಚೀಚೆ ಆದರೆ ಹುಡುಗ ತಾನೇ ಬೆರಳು ಸರಿಸಿಕೊಂಡು ಎಳೆಯುತ್ತಾನೆ, ತಪ್ಪು ಬೀಳುವ ಮೊದಲೇ. ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಕೆಳಗಿರುವ ಟೇಬಲ್ ಮೇಲಿನ ಟೆಸ್ಟರ್ ಎತ್ತಿಕೊಳ್ಳಬೇಕು ಅಂತ ಸೇರಿಸಿದೆ. ಕೈ ಇಳಿಯಲೇಬೇಕು. ಫಿಸಿಯೋ ಅಕ್ಕನಿಗೆ ಥ್ಯಾಂಕ್ಸ್, ಅರ್ಧ ಗಂಟೆ ಆದರೂ ಯಾರೂ ಭುಜ ಹಿಡಿದುಕೊಳ್ಳಲಿಲ್ಲ.

ಉಳಿದದ್ದು ಒಂದೇ. ಕೆಲಸದ ರಬ್ಬರ್ ಗ್ಲೌಸ್ ಹಾಕಿದ ಕೂಡಲೇ ಹೆಡ್‌ಸೆಟ್‌ಗೆ ಕೈ ಗುರುತೇ ಸಿಗುತ್ತಿಲ್ಲ. ಗ್ಲೌಸ್ ಬಿಚ್ಚಿಸಿ ಕಲಿಸೋಣ ಅಂದರೆ...

ಮಧುಗಿರಿ ಮೇಷ್ಟ್ರು | 6:20
ಬಿಚ್ಚಿಸಿದರೆ ನಾನು ತುಮಕೂರಿಗೇ ಬರ್ತೀನಿ.

ಚಿಂತಾಮಣಿ ಚೇತು | 6:21
ಬನ್ನಿ ಮೇಷ್ಟ್ರೇ, ತಟ್ಟೆ ಇಡ್ಲಿ ಗಿರಿ ಕೊಡಿಸ್ತಾನೆ.

ಕೋಲಾರ ಕೋಡರ್ | 6:45
ಗ್ಲೌಸ್ ಇರಲಿ. ಆ ಪಾಠಕ್ಕೆ ಮಾತ್ರ ಕಂಟ್ರೋಲರ್ ಕೈಗೆ ಕೊಡಿ, ಅದರ ತುದಿಯನ್ನೇ ಬೆರಳು ಅಂತ ಲೆಕ್ಕ ಹಿಡಿಯಿರಿ. ಎಳೆಯೋದು ಅದೇ, ಟ್ರಿಗರ್ ಒತ್ತೋದು ಬೇಡ. ಕೋಡ್ ನಾಳೆ ಹಾಕ್ತೀನಿ, ಈಗ ಇಲ್ಲಿ ಕರೆಂಟ್ ಹೋಗಿದೆ.